ದೋಣಿ ಸ್ಟಾರ್ಟ್ ಆಗ್ತಿಲ್ವಾ? ಬ್ಯಾಟರಿ ಬದಲಿಸೋ ಮೊದಲು ಕೇಳಿ

ಮಲ್ಪೆ ಬಂದರು, ಬೆಳಗಿನ ಜಾವ. ಕೀ ತಿರುಗಿಸಿದ್ರೆ ‘ಟಕ್’ ಅಂತ ಒಂದೇ ಸದ್ದು, ಎಂಜಿನ್ ಏಳೋದಿಲ್ಲ. ಹೊಸ ಬ್ಯಾಟರಿಗೆ ದುಡ್ಡು ಹೊಂದಿಸೋ ಮೊದಲು ಸ್ವಲ್ಪ ತಾಳಿ.

ಬೀಡಿ, ಲೈಟರ್ ದೂರ ಇಡಿ. ಪೆಟ್ಟಿಗೆಯ ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ. ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ತಗುಲಿದ್ರೆ ಬ್ಯಾಟರಿ ಸಿಡಿದು ಆಸಿಡ್ ಕಣ್ಣಿಗೆ ಹಾರಬಹುದು.

ಆಮೇಲೆ ಟರ್ಮಿನಲ್ ನೋಡಿ. ಉಪ್ಪುಗಾಳಿಗೆ ಪುಡಿ ಕಟ್ಟಿದ್ಯಾ? ಎಲ್ಲ ಸ್ವಿಚ್ ಆಫ್ ಮಾಡಿ, ಮೊದಲು ಮೈನಸ್, ನಂತರ ಪ್ಲಸ್ ವೈರ್ ಬಿಚ್ಚಿ, ಉಜ್ಜಿ ಒರೆಸಿ. ಜೋಡಿಸುವಾಗ ಪ್ಲಸ್ ಮೊದಲು.

ಫುಲ್ ಚಾರ್ಜ್ ಆಗಿ ಕೆಲವು ಗಂಟೆ ಸುಮ್ಮನಿದ್ದ 12 ವೋಲ್ಟ್ ಬ್ಯಾಟರಿ, ಮೀಟರ್‌ನಲ್ಲಿ 12.6ರ ಆಸುಪಾಸು ತೋರಿಸಬೇಕು. ನೀರು ಕಮ್ಮಿಯಾದ್ರೆ ಡಿಸ್ಟಿಲ್ಡ್ ವಾಟರ್ ಮಾತ್ರ, ಬಾವಿ ನೀರು ಬೇಡ.

ಇದೆಲ್ಲ ದಡದಲ್ಲೇ ಮುಗಿಸಿ. ನಡುಸಮುದ್ರದಲ್ಲಿ ವೈರ್‌ಲೆಸ್ಸೂ ಬ್ಯಾಟರಿಯನ್ನೇ ನಂಬಿರುತ್ತೆ.