ಕುರಿಯ ಪಾತ್ರವೂ ಪಾತ್ರವೇ
(ಸ್ವಸಹಾಯ ಸಂಘಗಳ ಒಕ್ಕೂಟದ ಡಿಸೆಂಬರ್ ತಿಂಗಳ ಸಭೆಯಲ್ಲಿ ಆಡಿದ ಮಾತುಗಳು)

ಪ್ರೀತಿಯ ಸಹೋದರಿಯರೇ,

ಉಳಿತಾಯ, ಸಾಲ, ಮರುಪಾವತಿ, ಪಾಸ್‌ಬುಕ್ಕು – ನಮ್ಮ ಸಭೆಗಳಲ್ಲಿ ಯಾವಾಗಲೂ ಬರುವ ವಿಷಯಗಳು ಇವು. ಇವತ್ತು ಸ್ವಲ್ಪ ಬೇರೆ ವಿಷಯ ಮಾತಾಡೋಣ. ಡಿಸೆಂಬರ್ ಬಂತು. ನಿಮ್ಮಲ್ಲಿ ಬಹಳ ಮಂದಿಯ ಮಕ್ಕಳು ಶಾಲೆಯಲ್ಲಿ ಕ್ರಿಸ್ಮಸ್ ನಾಟಕಕ್ಕೆ ತಯಾರಾಗ್ತಾ ಇದ್ದಾರೆ. "ಇದೇನು ಸಿಸ್ಟರ್, ಮಕ್ಕಳ ನಾಟಕವೂ ಸಂಘದ ವಿಷಯವಾ?" ಅಂತ ನೀವು ಕೇಳಬಹುದು.

ಹೌದು, ಆಗಿಬಿಟ್ಟಿದೆ. ಕಳೆದ ವರ್ಷ ಇದೇ ಸಮಯದಲ್ಲಿ ಒಂದು ಸಂಘದ ಇಬ್ಬರು ಸದಸ್ಯೆಯರು ಮೂರು ವಾರ ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದರು. ಕಾರಣ ಸಾಲ ಅಲ್ಲ, ಬಡ್ಡಿ ಅಲ್ಲ. ಒಬ್ಬರ ಮಗಳಿಗೆ ಮರಿಯಮ್ಮನ ಪಾತ್ರ ಸಿಕ್ಕಿತ್ತು, ಇನ್ನೊಬ್ಬರ ಮಗಳಿಗೆ ನಕ್ಷತ್ರ ಹಿಡಿದು ನಿಲ್ಲುವ ಪಾತ್ರ. ಇನ್ನೊಂದು ಸಂಘದಲ್ಲಿ ಒಬ್ಬ ತಾಯಿ ಮಗಳ ದೇವದೂತೆಯ ಡ್ರೆಸ್ಸಿಗೆ ಅಂತ 1,500 ರೂಪಾಯಿ ಸಾಲ ಕೇಳಿದರು. ವಾರಕ್ಕೆ 50 ರೂಪಾಯಿ ಉಳಿತಾಯ ಮಾಡುವ ಸಂಘ ಅದು. ಲೆಕ್ಕ ನೀವೇ ಹಾಕಿ. 30 ವಾರದ ಉಳಿತಾಯ, ಹದಿನೈದು ನಿಮಿಷದ ನಾಟಕಕ್ಕೆ!

ಆ ತಾಯಿಯನ್ನು ನಾವು ಬೈಯಲಿಲ್ಲ. ನೀವೂ ನಗಬೇಡಿ. ತನಗೆ ಸಿಗದಿದ್ದದ್ದು ಮಗಳಿಗೆ ಸಿಗಲಿ ಅನ್ನುವ ಆಸೆ ಯಾವ ತಾಯಿಗೆ ಇಲ್ಲ? ಆದರೆ ಆಸೆ ಯಾರದು, ಹೊರೆ ಯಾರಿಗೆ ಅನ್ನೋದನ್ನು ಸ್ವಲ್ಪ ಕೂತು ಯೋಚಿಸಬೇಕು.

ಈ ನಾಟಕ ಎಲ್ಲಿಂದ ಬಂತು?

ಇಟಲಿ ದೇಶದಲ್ಲಿ ಗ್ರೆಚ್ಚೊ ಅಂತ ಒಂದು ಸಣ್ಣ ಊರು. 1223ರ ಕ್ರಿಸ್ಮಸ್ ರಾತ್ರಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಅಲ್ಲಿ ಒಂದು ಗೋದಲಿ ಮಾಡಿಸಿದರು. ಯೇಸು ಎಷ್ಟು ಬಡತನದಲ್ಲಿ ಹುಟ್ಟಿದರು ಎಂಬುದನ್ನು ಜನ ಕಣ್ಣಾರೆ ನೋಡಬೇಕು ಎಂಬುದೇ ಅವರ ಆಸೆ. ಹುಲ್ಲು, ಎತ್ತು, ಕತ್ತೆ, ಇಷ್ಟನ್ನು ತರಿಸಿದರು. ಸುತ್ತಲಿನ ಜನ ದೀವಟಿಗೆ, ಮೇಣದಬತ್ತಿ ಹಿಡಿದು ಬಂದರು. 2023ಕ್ಕೆ ಅದಕ್ಕೆ 800 ವರ್ಷ ತುಂಬಿತು. ಬಡತನವನ್ನು ತೋರಿಸಲು ಹುಟ್ಟಿದ ಪದ್ಧತಿ ಇದು. ಅದಕ್ಕೆ ಬಡವರು ಸಾಲ ಮಾಡುವಂತಾದರೆ ಅದರ ಅರ್ಥವೇ ಕೆಟ್ಟುಹೋಯಿತು, ಅಲ್ವಾ?

ಇನ್ನೊಂದು ವಿಷಯ ಹೇಳ್ತೇವೆ. ಯೇಸುವಿನ ಜನನದ ಕಥೆ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ಲೂಕನು ಬರೆದ ಶುಭಸಂದೇಶದಲ್ಲಿ ಕುರಿಗಾಹಿಗಳು ಬರುತ್ತಾರೆ. ಮತ್ತಾಯನು ಬರೆದದ್ದರಲ್ಲಿ ಪೂರ್ವ ದೇಶದ ಜೋಯಿಸರು ಬರುತ್ತಾರೆ. ಜೋಯಿಸರು ಮೂವರು ಅಂತ ಅಲ್ಲಿ ಬರೆದಿಲ್ಲ, ಕಾಣಿಕೆ ಮೂರು ಅಂತ ಮಾತ್ರ ಇದೆ. "ಜಾಗ ಇಲ್ಲ, ಹೋಗಿ" ಅನ್ನುವ ಛತ್ರದ ಯಜಮಾನ ನಾಟಕದಲ್ಲಿ ಇದ್ದೇ ಇರುತ್ತಾನೆ, ಬೈಬಲಿನಲ್ಲಿ ಅವನ ಸುದ್ದಿಯೇ ಇಲ್ಲ. ಮರಿಯಮ್ಮ ಕೂತು ಬಂದ ಕತ್ತೆಯ ಸುದ್ದಿಯೂ ಇಲ್ಲ.

ಹಾಗಾದರೆ ಇವರೆಲ್ಲ ಶಾಲೆಯ ನಾಟಕಕ್ಕೆ ಯಾಕೆ ಬಂದರು? ಒಂದು ತರಗತಿಯಲ್ಲಿ 40 ಮಕ್ಕಳು ಇರುತ್ತಾರೆ. ಮರಿಯಮ್ಮ ಒಬ್ಬಳೇ, ಜೋಸೆಫ್ ಒಬ್ಬನೇ. ಉಳಿದ 38 ಮಕ್ಕಳು ಏನು ಮಾಡಬೇಕು? ಆಗ ಟೀಚರು ಕುರಿ, ಕತ್ತೆ, ನಕ್ಷತ್ರ, ಮರ ಅಂತ ಸೇರಿಸುತ್ತಾ ಹೋಗುತ್ತಾರೆ. ಯಾವ ಮಗುವೂ ಮನೆಗೆ ಹೋಗಿ "ನಾನು ನಾಟಕದಲ್ಲಿ ಇಲ್ಲ" ಅನ್ನಬಾರದು ಎಂದು ಮಾಡಿದ ಪಾತ್ರಗಳು ಇವು. ನಾವು ದೊಡ್ಡವರು ಅದನ್ನೇ ಅವಮಾನ ಅಂತ ತಿಳಿಯುತ್ತೇವೆ.

ತಂದೆತಾಯಿಯರು ಏನೇನು ಮಾಡುತ್ತಾರೆ?

ಇಷ್ಟು ವರ್ಷಗಳಲ್ಲಿ ನಾವು ನೋಡಿದ್ದನ್ನು ಹೇಳ್ತೇವೆ. ಇದರಲ್ಲಿ ನೀವೂ ಇದ್ದೀರಿ, ನಾವೂ ಇದ್ದೇವೆ.

ಕೆಲವರು ಸಿಟ್ಟಾಗುತ್ತಾರೆ. ಮಗು "ಅಮ್ಮಾ, ನಾನು ಕುರಿ!" ಅಂತ ಕುಣಿಯುತ್ತಾ ಬರುತ್ತದೆ. ತಾಯಿಯ ಮುಖ ಸಪ್ಪೆಯಾಗುತ್ತದೆ. "ಕುರಿಯಾ? ಅವಳಿಗೆ ಏನು ಕೊಟ್ರು?" ಎಂಬುದೇ ಮೊದಲ ಪ್ರಶ್ನೆ. ಅಲ್ಲಿಯವರೆಗೆ ಮಗುವಿಗೆ ತನ್ನ ಪಾತ್ರ ಚಿಕ್ಕದು ಅಂತ ಗೊತ್ತೇ ಇರಲಿಲ್ಲ. ಹೇಳಿಕೊಟ್ಟವರು ನಾವು.

ಕೆಲವರು ಅತಿಯಾಗಿ ಹಿಗ್ಗುತ್ತಾರೆ. ಮಗಳಿಗೆ ದೊಡ್ಡ ಪಾತ್ರ ಬಂದರೆ ಓಣಿಗೆಲ್ಲ ಹೇಳುತ್ತಾರೆ. ಆಮೇಲೆ ಮಗು ವೇದಿಕೆಯ ಮೇಲೆ ಮಾತು ಮರೆತರೆ ಮನೆಯಲ್ಲಿ ಪೆಟ್ಟು. ಆ ಮಗು ಮುಂದಿನ ವರ್ಷ ಹೆಸರು ಕೊಡುವುದಿಲ್ಲ.

ಕೆಲವರು ಬರುವುದೇ ಇಲ್ಲ. ಇದನ್ನು ಮನಸ್ಸಿಲ್ಲದೆ ಅಂತ ತಿಳಿಯಬೇಡಿ. ನಮ್ಮ ಕಾಫಿ ಸೀಮೆಯಲ್ಲಿ ಡಿಸೆಂಬರ್ ಅಂದರೆ ಅರೇಬಿಕಾ ಹಣ್ಣು ಕುಯ್ಯುವ ಕಾಲ. ನಾಟಕ ಬೆಳಿಗ್ಗೆ ಹತ್ತೂವರೆಗೆ ಇರುತ್ತದೆ. ಹೋದರೆ ಒಂದು ದಿನದ ಕೂಲಿ ಹೋಯಿತು. ಮಗ ವೇದಿಕೆಯ ಮೇಲೆ ಇರುವುದು ಎರಡು ನಿಮಿಷ, ಅದೂ ಹಿಂದಿನ ಸಾಲಿನಲ್ಲಿ. ಲೈನ್ ಮನೆಯ ಒಬ್ಬ ತಾಯಿ ಹೇಳಿದರು, "ನಾನು ಬರಲ್ಲ ಅಂತ ಗೊತ್ತಿದ್ರೂ ಅವನು ಬಾಗಿಲ ಕಡೆ ನೋಡ್ತಾನೇ ಇದ್ದ ಅಂತ ಟೀಚರ್ ಹೇಳಿದ್ರು ಸಿಸ್ಟರ್." ಆ ಮಾತು ಹೇಳುವಾಗ ಅವರ ಕೈಯಲ್ಲಿ ಹಣ್ಣು ಕುಯ್ದ ಕಪ್ಪು ಕಲೆ ಹಾಗೇ ಇತ್ತು. ಇದಕ್ಕೆ ಆ ತಾಯಿಯೊಬ್ಬರೇ ಏನು ಮಾಡಲು ಸಾಧ್ಯ? ಸಂಘವಾಗಿ ಏನು ಮಾಡಬಹುದು ಎಂಬುದನ್ನು ಆಮೇಲೆ ಹೇಳ್ತೇವೆ.

ಕೆಲವರಿಗೆ ಧರ್ಮದ ಕಾರಣಕ್ಕೆ ಅಳುಕು ಇರುತ್ತದೆ. ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಇದ್ದೀರಿ. ಒಬ್ಬ ಮುಸ್ಲಿಂ ಸಹೋದರಿ ಕೇಳಿದರು, "ನಮ್ಮ ಕುರಾನಿನಲ್ಲಿ 19ನೇ ಅಧ್ಯಾಯದ ಹೆಸರೇ ಮರಿಯಮ್. ಆ ತಾಯಿಯ ಮೇಲೆ ನಮಗೂ ಗೌರವ ಇದೆ. ಆದರೆ ವೇಷ ಹಾಕೋದು ನಮ್ಮ ಮನೆಯವರಿಗೆ ಸರಿ ಕಾಣಲ್ಲ, ಏನು ಮಾಡಲಿ?" ನಾವು ಟೀಚರ ಹತ್ತಿರ ಮಾತಾಡಿದೆವು. ಆ ಹುಡುಗಿ ಪರದೆ ಎಳೆಯುವ ಕೆಲಸ ವಹಿಸಿಕೊಂಡಳು, ಬಹಳ ಅಚ್ಚುಕಟ್ಟಾಗಿ ಮಾಡಿದಳು. ಇನ್ನೊಂದು ವರ್ಷ ಒಬ್ಬ ಹಿಂದೂ ಅಜ್ಜಿ, ಮರಿಯಮ್ಮನ ವೇಷದಲ್ಲಿದ್ದ ಮೊಮ್ಮಗಳ ಕೆನ್ನೆಗೆ ದೃಷ್ಟಿ ಬೊಟ್ಟು ಇಟ್ಟೇ ಕಳಿಸಿದರು. ಟೀಚರು ಒರೆಸಲು ಹೋದರು. ಬೇಡ, ಇರಲಿ ಅಂದೆವು. ಒಪ್ಪಿಗೆ ಇದ್ದರೆ ಸಂತೋಷ, ಇಲ್ಲದಿದ್ದರೆ ಒತ್ತಾಯ ಬೇಡ. ಎರಡಕ್ಕೂ ಗೌರವ ಕೊಡಬೇಕು.

ನಾವು ಮಾಡಿದ ತಪ್ಪು

ಈಗ ಒಂದು ಮಾತು. ಇದನ್ನು ಹೇಳದೆ ನಿಮಗೆ ಬುದ್ಧಿ ಹೇಳುವ ಹಕ್ಕು ನಮಗಿಲ್ಲ.

ಸುಮಾರು 25 ವರ್ಷದ ಹಿಂದೆ ನಾವು ಶಾಲೆಯೊಂದರಲ್ಲಿ ನಾಟಕ ಮಾಡಿಸುತ್ತಿದ್ದೆವು. ಮರಿಯಮ್ಮನ ಪಾತ್ರಕ್ಕೆ ನಾಲ್ಕನೇ ತರಗತಿಯ ಒಬ್ಬ ಹುಡುಗಿ. ಕೂಲಿಯವರ ಮಗಳು, ಒಳ್ಳೆಯ ಕಂಠ, ಎರಡೇ ದಿನದಲ್ಲಿ ಮಾತೆಲ್ಲ ಬಾಯಿಪಾಠ. ನಾಟಕಕ್ಕೆ ನಾಲ್ಕು ದಿನ ಇರುವಾಗ ಊರಿನ ಅನುಕೂಲಸ್ಥರೊಬ್ಬರು ಬಂದು, "ಮರಿಯಮ್ಮ ಸ್ವಲ್ಪ ಬೆಳ್ಳಗಿದ್ದರೆ ಚೆನ್ನಾಗಿರುತ್ತೆ ಸಿಸ್ಟರ್, ನಮ್ಮ ಮಗಳಿದ್ದಾಳಲ್ಲ" ಅಂದರು. ನಾವು ಒಪ್ಪಿಕೊಂಡೆವು. ಕಪ್ಪಗಿದ್ದ ಆ ಹುಡುಗಿಯನ್ನು ಕರೆದು, "ನೀನು ಕುರಿ ಆಗು ಪುಟ್ಟಾ" ಅಂದೆವು. "ಆಯ್ತು ಸಿಸ್ಟರ್" ಅಂದಳು. ಅಳಲಿಲ್ಲ. ಅದಕ್ಕೇ ನಾವು ಮರೆತುಬಿಟ್ಟೆವು.

ಅವಳು ಮರೆತಿರಲಿಲ್ಲ. ಈಚೆಗೆ ಸಂಘದ ಲೆಕ್ಕ ಬರೆಯುವ ತರಬೇತಿಯಲ್ಲಿ ಒಬ್ಬ ಸದಸ್ಯೆ ಊಟದ ಹೊತ್ತಿಗೆ ಹತ್ತಿರ ಬಂದು, "ನನ್ನ ಗುರುತು ಸಿಕ್ತಾ ಸಿಸ್ಟರ್?" ಅಂತ ಕೇಳಿದರು. ಎಲ್ಲ ಹೇಳಿದರು. ಕೊನೆಗೆ ಅವರು ಹೇಳಿದ್ದು ಇದು: "ನೀವು ಪಾತ್ರ ತೆಗೆದದ್ದಕ್ಕಿಂತ ದಾರಿಯಲ್ಲಿ ನಮ್ಮಮ್ಮ ಹೇಳಿದ ಮಾತು ಹೆಚ್ಚು ನೋವಾಯ್ತು. ನಮ್ಮ ಬಣ್ಣಕ್ಕೆ ಕುರಿಯೇ ಸರಿ, ಸುಮ್ನಿರು ಅಂದ್ರು." ನಾವು ಕೈಮುಗಿದು ಕ್ಷಮೆ ಕೇಳಿದೆವು. ಅವರು ನಮ್ಮ ಕೈ ಹಿಡಿದು, "ಈಗ ನನ್ನ ಮಗಳಿಗೂ ಕುರಿ ಪಾತ್ರ ಬಂದಿದೆ. ನಾನು ಅವಳಿಗೆ ಏನು ಹೇಳಲಿ?" ಅಂದರು.

ಕುರಿಯ ಪಾತ್ರ ಸಿಗುವುದು ಅವಮಾನ ಅಲ್ಲ. ಬಣ್ಣ ನೋಡಿ, ಜಾತಿ ನೋಡಿ, ಹಣ ನೋಡಿ ಪಾತ್ರ ಹಂಚಿದರೆ ಅದು ಅನ್ಯಾಯ. ಇವೆರಡೂ ಬೇರೆ ಬೇರೆ. ಮೊದಲನೆಯದಕ್ಕೆ ಸಿಟ್ಟು ಮಾಡಬೇಡಿ. ಎರಡನೆಯದಕ್ಕೆ ಸುಮ್ಮನಿರಬೇಡಿ. ಯಾವುದು ಅಂತ ತಿಳಿಯಬೇಕಾದರೆ ಕೇಳಬೇಕು. ಆ ತಾಯಿ ಹೋಗಿ ಟೀಚರನ್ನು ಸಮಾಧಾನವಾಗಿ ಕೇಳಿದರು. ಎಲ್ಲ ಮಕ್ಕಳ ಹೆಸರೂ ಬರೆದು ಚೀಟಿ ಎತ್ತಿಸಿದ್ದೇವೆ ಅಂತ ಟೀಚರು ಹೇಳಿದರು. ತಾಯಿ ಸಮಾಧಾನದಿಂದ ಮನೆಗೆ ಹೋಗಿ ಹಳೇ ಬನಿಯನ್ನಿಗೆ ಹತ್ತಿ ಅಂಟಿಸಿ, ರಟ್ಟಿನಲ್ಲಿ ಕಿವಿ ಮಾಡಿದರು. ನಾಟಕದ ದಿನ ಆ ಕುರಿ ಜೋಯಿಸರು ಮಾತಾಡುವಾಗ ಮಧ್ಯೆ "ಬ್ಯಾ" ಅಂತು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರು ಆ ತಾಯಿ.

ಬಣ್ಣದ ವಿಷಯಕ್ಕೆ ಇನ್ನೊಂದು ಮಾತು. ಮರಿಯಮ್ಮ ನಜರೇತ್ ಎಂಬ ಸಣ್ಣ ಊರಿನ ಬಡ ಹುಡುಗಿ. ಆ ಊರು ಇರುವುದು ಪಶ್ಚಿಮ ಏಷ್ಯಾದಲ್ಲಿ. ಪಟಗಳಲ್ಲಿ ಕಾಣುವ ಬಿಳಿ ಮುಖ ಯುರೋಪಿನ ಚಿತ್ರಕಾರರು ತಮ್ಮ ಊರಿನ ಹೆಂಗಸರನ್ನು ನೋಡಿ ಬರೆದದ್ದು. ನಮ್ಮ ಮಕ್ಕಳ ಮುಖಕ್ಕೆ ಪೌಡರ್ ಬಳಿದು ಬೆಳ್ಳಗೆ ಮಾಡುವ ಅಗತ್ಯ ಇಲ್ಲ. ಇನ್ನು ಕುರಿಗಾಹಿಗಳು? ಚಳಿಯಲ್ಲಿ ರಾತ್ರಿಯೆಲ್ಲ ಹಿಂಡು ಕಾಯುತ್ತಿದ್ದ ದುಡಿಯುವ ಜನ. ಲೂಕನ ಪ್ರಕಾರ ದೇವದೂತನು ಶುಭವಾರ್ತೆ ಹೇಳಿದ್ದು ಅರಮನೆಯಲ್ಲಿ ಅಲ್ಲ, ಇವರಿಗೆ. ನಿಮ್ಮ ಮಗನಿಗೆ ಕಂಬಳಿ ಹೊದೆಸಿ, ತಲೆಗೆ ಟವೆಲ್ ಕಟ್ಟಿ, ಕೈಗೆ ಕೋಲು ಕೊಟ್ಟು ಕಳಿಸುವಾಗ ಈ ಮಾತು ಹೇಳಿ ಕಳಿಸಿ.

ಏನು ಮಾಡಬಹುದು?

1. ಮಗು ಪಾತ್ರದ ಹೆಸರು ಹೇಳಿದ ಕೂಡಲೇ "ಅವಳಿಗೆ ಏನು ಬಂತು?" ಅನ್ನಬೇಡಿ. "ಎಲ್ಲಿ, ಮಾಡಿ ತೋರಿಸು" ಅನ್ನಿ.

2. ಬಾಡಿಗೆ ಡ್ರೆಸ್ಸಿಗೆ ಸಾಲ ಬೇಡ. ಬಿಳಿ ಪಂಚೆ, ಹಳೇ ದುಪ್ಪಟ್ಟಾ, ರಟ್ಟು, ಜರಿ ಕಾಗದ ಸಾಕು. ಸಂಘದಲ್ಲಿ ಹೊಲಿಗೆ ಕಲಿತವರು ಇದ್ದೀರಿ. ಒಂದು ಮಧ್ಯಾಹ್ನ ಸೇರಿ ಹೊಲಿದು ಒಂದು ಪೆಟ್ಟಿಗೆಯಲ್ಲಿ ಇಟ್ಟರೆ ಪ್ರತಿ ವರ್ಷ ಎಲ್ಲರ ಮಕ್ಕಳಿಗೂ ಬರುತ್ತದೆ. ಸಾಲ ಕೇಳಿದ ಆ ತಾಯಿಯ ಸಂಘ ಹೀಗೇ ಮಾಡಿತು.

3. ಕೆಲಸಕ್ಕೆ ಹೋಗುವ ತಾಯಂದಿರ ಪರವಾಗಿ ಸಂಘದಿಂದ ಒಂದು ಪತ್ರ ಬರೆದು, ನಾಟಕವನ್ನು ಸಂಜೆಗೆ ಇಡಿ ಅಂತ ಶಾಲೆಯನ್ನು ಕೇಳಿ. ಆಗದಿದ್ದರೆ ಮೇಸ್ತ್ರಿಯ ಹತ್ತಿರ ಮೊದಲೇ ಹೇಳಿ ಅರ್ಧ ದಿನ ಬಿಡಿಸಿಕೊಳ್ಳಿ. ಯಾರೂ ಹೋಗಲಾಗದ ಮಗುವಿಗೆ ಸಂಘದ ಒಬ್ಬರು ಹೋಗಿ ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಆ ಮಗುವಿನ ಕಣ್ಣಿಗೆ ಗುರುತಿನ ಮುಖ ಒಂದು ಬೇಕು, ಅಷ್ಟೇ.

4. ತಪ್ಪು ಕಂಡರೆ ಶಾಲೆಗೆ ಹೋಗಿ ಕೇಳಿ. ಆದರೆ ಮಗುವಿನ ಎದುರಿಗೆ ಜಗಳ ಬೇಡ. ಬಣ್ಣ, ಜಾತಿ ಹಿಡಿದು ಮಗುವನ್ನು ಹೀಯಾಳಿಸುವುದು ಸಣ್ಣ ವಿಷಯ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ನು ಮಕ್ಕಳಿಗೆ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳ ಕೊಡುವುದನ್ನೂ ನಿಷೇಧಿಸಿದೆ.

5. ಮಾತು ಮರೆತ ಮಗುವಿಗೆ ಮನೆಯಲ್ಲಿ ಬೈಗುಳ ಬೇಡ. ಒಂದು ಲೋಟ ಬಿಸಿ ಹಾಲು ಕೊಡಿ.

ಸಹೋದರಿಯರೇ, ನಮ್ಮ ಸಂಘದಲ್ಲಿ ಅಧ್ಯಕ್ಷೆ ಒಬ್ಬರೇ. ಚಾಪೆ ಹಾಸುವವರು, ಪುಸ್ತಕ ಬರೆಯುವವರು, ಬ್ಯಾಂಕಿಗೆ ಹೋಗಿ ಕ್ಯೂ ನಿಲ್ಲುವವರು ಬೇರೆ. ಚಾಪೆ ಹಾಸುವವರು ಕೀಳು ಅಂತ ನಾವು ಯಾವತ್ತೂ ಅಂದಿಲ್ಲ. ಎರಡು ವರ್ಷ ಆದಮೇಲೆ ಅವರೂ ಅಧ್ಯಕ್ಷೆ ಆಗಿದ್ದಾರೆ. ಇಲ್ಲಿ ಕಲಿತ ಈ ಪಾಠವನ್ನು ಮನೆಗೂ ತೆಗೆದುಕೊಂಡು ಹೋಗೋಣ. ಈ ಸಲ ನಿಮ್ಮ ಮಗು ಯಾವ ಪಾತ್ರ ಹೇಳಿಕೊಂಡು ಬಂದರೂ, ಮೊದಲು ನಿಮ್ಮ ಮುಖ ನೋಡುತ್ತದೆ. ಆ ಮುಖದಲ್ಲಿ ನಗು ಇರಲಿ.

ಎಲ್ಲರಿಗೂ ಕ್ರಿಸ್ಮಸ್ ಹಬ್ಬದ ಮತ್ತು ಹೊಸ ವರ್ಷದ ಶುಭಾಶಯಗಳು.

ಸಂಘದ ಸಭೆಯಲ್ಲಿ ಚರ್ಚಿಸಿ:

• ನೀವು ಚಿಕ್ಕವರಿದ್ದಾಗ ಶಾಲೆಯಲ್ಲಿ ಯಾವ ಪಾತ್ರ ಮಾಡಿದ್ದಿರಿ? ಮನೆಯವರು ಏನು ಹೇಳಿದ್ದರು?
• ಮಕ್ಕಳ ಬಣ್ಣದ ಬಗ್ಗೆ ನಾವು ಮನೆಯಲ್ಲಿ ಆಡುವ ಯಾವ ಮಾತುಗಳನ್ನು ಬಿಡಬೇಕು?
• ನಮ್ಮ ಸಂಘದ ಯಾವ ಮಗುವಿನ ನಾಟಕಕ್ಕೆ ಮನೆಯಿಂದ ಯಾರೂ ಹೋಗಲಾಗುತ್ತಿಲ್ಲ? ಅಲ್ಲಿಗೆ ಯಾರು ಹೋಗುತ್ತೀರಿ?