ಹೋರಿ ತಯಾರಾಯಿತೇ? ಹಲ್ಲು ನೋಡಿ, ಕೈ ಇಟ್ಟು ನೋಡಿ, ಲೆಕ್ಕ ನೋಡಿ

(ಬಕ್ರೀದ್‌ಗೆ ಮೊದಲು ಕ್ವಾಲಾಲಂಪುರದಲ್ಲಿ ಸೇರಿದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಿರಿಯರೇ, ಸಹೋದರರೇ, ಊರಿನಲ್ಲಿ ಕೂತು ಇದನ್ನು ಪತ್ರಿಕೆಯಲ್ಲಿ ಓದಲಿರುವ ತಾಯಂದಿರೇ, ಸಹೋದರಿಯರೇ,

ಉಳ್‌ಹಿಯ್ಯತ್‌ನ ಮಹತ್ವವನ್ನು ಉಸ್ತಾದರು ಈಗಷ್ಟೇ ಹೇಳಿದರು. ನಮ್ಮ ಪಾಲಿಗೆ ಬಂದದ್ದು ಹಟ್ಟಿಯ ವಿಷಯ. ಅಕೌಂಟ್ಸ್ ಬರೆಯುವವರಿಗೆ ಹೋರಿಯ ಉಸಾಬರಿ ಯಾಕೆ ಅಂತ ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆದರೆ ಹೋರಿಗೆ ಹಾಕಿದ ಹಣ ಯಾರದ್ದು? ಹೋಟೆಲಿನಲ್ಲಿ ಹನ್ನೆರಡು ಗಂಟೆ ನಿಂತು ಪರೋಟ ಹಾಕುವವನದ್ದು, ಪಾತ್ರೆ ತೊಳೆಯುವವನದ್ದು. 2025ರ ಫೆಬ್ರವರಿಯಿಂದ ಇಲ್ಲಿ ಕನಿಷ್ಠ ವೇತನ 1,700 ರಿಂಗಿಟ್. ಏಳರಲ್ಲಿ ಒಂದು ಪಾಲು ಎಂದರೆ ಅದರ ಅರ್ಧದ ಹತ್ತಿರ ಹೋಗುತ್ತದೆ. ಅಷ್ಟು ಕೊಟ್ಟವನ ಉಳ್‌ಹಿಯ್ಯತ್ ಪ್ರಾಯ ತುಂಬದ ಪ್ರಾಣಿಯಿಂದಾಗಿ ಸಿಂಧುವಾಗದೆ ಹೋದರೆ ಆ ನಷ್ಟವನ್ನು ಯಾವ ಪುಸ್ತಕದಲ್ಲಿ ಬರೆಯುವುದು?

ವರ್ಷವಿಡೀ ನಾವು ತಿನ್ನುವ ಬೀಫ್ ಹೆಚ್ಚಾಗಿ ನಮ್ಮ ದೇಶದಿಂದಲೇ ಫ್ರೀಜ್ ಆಗಿ ಬರುವ ಎಮ್ಮೆ ಮಾಂಸ. ಇಲ್ಲಿನ ಮಾರ್ಕೆಟಿನಲ್ಲಿ ಅದಕ್ಕೆ 'ದಾಗಿಂಗ್ ಅಲ್ಲಾನಾ' ಅಂತಲೇ ಹೆಸರು ಬಿದ್ದಿದೆ. ಬಕ್ರೀದ್‌ಗೆ ಮಾತ್ರ ಜೀವಂತ ಪ್ರಾಣಿ ಬೇಕು. ಅದಕ್ಕಾಗಿ ನಮ್ಮ ಕೆಲವು ತಂಡಗಳು ವರ್ಷ ಮೊದಲೇ ಕರು ತೆಗೆದು ಕಂಪೋಂಗಿನ ಪಾಕ್‌ಚಿಕ್ ಒಬ್ಬರ ಹಟ್ಟಿಯಲ್ಲಿ ಬಿಡುತ್ತೇವೆ. ಮಲಾಯರಲ್ಲಿ 'ಪಾವಾ' ಎಂಬ ಹಳೆಯ ಪದ್ಧತಿ ಇದೆ. ಪ್ರಾಣಿ ಒಬ್ಬರದ್ದು, ಸಾಕುವುದು ಇನ್ನೊಬ್ಬರು, ಹುಟ್ಟಿದ್ದರಲ್ಲಿ ಅಥವಾ ಲಾಭದಲ್ಲಿ ಪಾಲು. ನಮ್ಮ ಊರಲ್ಲೂ ಪಾಲಿಗೆ ಸಾಕಲು ಕೊಡುವುದು ಇತ್ತಲ್ಲ, ಅದೇ ತರ. ನಮ್ಮ ವ್ಯವಸ್ಥೆಯಲ್ಲಿ ಪಾಲು ಇಲ್ಲ, ಪಾಕ್‌ಚಿಕ್‌ಗೆ ತಿಂಗಳ ಸಂಬಳ ಮತ್ತು ಮೇವಿನ ಖರ್ಚು. ಇದು ಉಳ್‌ಹಿಯ್ಯತ್‌ಗೆ ಮಾತ್ರ. ನಮ್ಮ ಪರ್ಮಿಟ್ ನಾವು ಮಾಡುವ ಕೆಲಸಕ್ಕೆ ಕೊಟ್ಟದ್ದು, ದನ ಸಾಕಿ ಮಾರುವ ವ್ಯಾಪಾರಕ್ಕೆ ಯಾರೂ ಇಳಿಯಬೇಡಿ.

ಈಗ ಪ್ರಶ್ನೆ, ಹೋರಿ ತಯಾರಾಯಿತು ಎಂದು ತಿಳಿಯುವುದು ಹೇಗೆ? ಗಾತ್ರ ನೋಡಿ ಹೇಳುವವರೇ ಹೆಚ್ಚು. ಈಗ ಇಲ್ಲಿ 'ಲೆಂಬು ಸಾಡೋ' ಎಂಬ ಮರುಳು ಬೇರೆ ಇದೆ, ಪೈಲ್ವಾನನ ಹಾಗೆ ಮಾಂಸಖಂಡ ಎದ್ದು ಕಾಣುವ ವಿದೇಶಿ ಮಿಶ್ರ ತಳಿಯ ಹೋರಿಗಳು. ಅದರ ಪಕ್ಕದಲ್ಲಿ ಈ ನೆಲದ ಕೆಡಾ-ಕೆಲಂತಾನ್ ಹೋರಿಯನ್ನು ನಿಲ್ಲಿಸಿದರೆ ಕರುವಿನ ಹಾಗೆ ಕಾಣುತ್ತದೆ. ನಮ್ಮ ಮಲೆನಾಡು ಗಿಡ್ಡದ ನೆನಪು ಬರುವಷ್ಟು ಸಣ್ಣ ಆಳ್ತನ. ಆದರೆ ಬಾಯಿ ಬಿಡಿಸಿ ನೋಡಿದರೆ ಆ ದೊಡ್ಡದಕ್ಕೆ ಇನ್ನೂ ಹಾಲುಹಲ್ಲು, ಈ ಸಣ್ಣದಕ್ಕೆ ನಾಲ್ಕು ಹಲ್ಲು ಇರಬಹುದು. ನಮಗೆ ಬೇಕಾದದ್ದು ಯಾವುದು ಅಂತ ಹೇಳಬೇಕಾಗಿಲ್ಲ.

ಶಾಫಿ ಮದ್‌ಹಬ್‌ನಲ್ಲಿ ದನಕ್ಕೆ ಎರಡು ವರ್ಷ ತುಂಬಿ ಮೂರಕ್ಕೆ ಕಾಲಿಟ್ಟಿರಬೇಕು. ನಾವೂ ಶಾಫಿ, ಇಲ್ಲಿನ ಮಲಾಯರೂ ಶಾಫಿ, ಹಾಗಾಗಿ ಅದರಲ್ಲಿ ಚರ್ಚೆ ಇಲ್ಲ. ಹುಟ್ಟಿದ ದಿನ ಬರೆದಿಟ್ಟಿದ್ದರೆ ಅದೇ ದಾಖಲೆ. ಲೆಕ್ಕ ಹಿಜರಿ ವರ್ಷದ್ದು ಎಂಬುದನ್ನು ಮರೆಯಬೇಡಿ. 354 ದಿನದ ಎರಡು ವರ್ಷ ಎಂದರೆ 708 ದಿನ, ಇಂಗ್ಲಿಷ್ ಕ್ಯಾಲೆಂಡರಿನ 730 ಅಲ್ಲ. ಇಪ್ಪತ್ತೆರಡು ದಿನದ ವ್ಯತ್ಯಾಸದಲ್ಲಿ ಒಂದು ಒಳ್ಳೆಯ ಹೋರಿಯನ್ನು ಬಿಡುವುದೂ ಬೇಡ.

ದಾಖಲೆ ಇಲ್ಲದಿದ್ದರೆ ಹಲ್ಲು. ದನಕ್ಕೆ ಮೇಲಿನ ದವಡೆಯ ಮುಂಭಾಗದಲ್ಲಿ ಹಲ್ಲೇ ಇಲ್ಲ, ಕೆಳಗೆ ಎಂಟು. ಕರುವಿನ ಎಂಟೂ ಹಾಲುಹಲ್ಲು, ಸಣ್ಣದು, ಬೆಳ್ಳಗೆ. ಸುಮಾರು ಎರಡು ವರ್ಷಕ್ಕೆ ನಡುವಿನ ಎರಡು ಬಿದ್ದು ಅಗಲವಾದ ಹೊಸ ಹಲ್ಲು ಬರುತ್ತದೆ, ಅಕ್ಕಿಕಾಳಿನ ಪಕ್ಕದಲ್ಲಿ ಹುಣಸೆಬೀಜ ಇಟ್ಟ ಹಾಗೆ, ತಪ್ಪುವುದೇ ಇಲ್ಲ. ಎರಡೂವರೆ-ಮೂರಕ್ಕೆ ನಾಲ್ಕು, ಆಮೇಲೆ ಆರು, ನಾಲ್ಕು ವರ್ಷ ದಾಟಿದ ಮೇಲೆ ಬಾಯಿ ಕೂಡುತ್ತದೆ. ಡುಬ್ಬ ಇರುವ ನಮ್ಮ ಕಡೆಯ ಮತ್ತು ಇಲ್ಲಿನ ತಳಿಗಳಿಗೆ ಹಲ್ಲು ಸ್ವಲ್ಪ ತಡ. ವಿದೇಶಿ ಮಿಶ್ರ ತಳಿಗೆ ಒಂದೂವರೆ ವರ್ಷ ದಾಟಿದ ಕೂಡಲೇ ಎರಡು ಹಲ್ಲು ಬರುವುದೂ ಉಂಟು. ಆದ್ದರಿಂದ ಸಾಡೋ ತರದ್ದಕ್ಕೆ ಎರಡು ಹಲ್ಲು ಮಾತ್ರ ನೋಡಿ ಸಹಿ ಹಾಕಬೇಡಿ, ಸಾಕಿದವರ ಮಾತು ಅಥವಾ ಕಾಗದವೂ ಬೇಕು. ಸಂಶಯ ಇದ್ದರೆ ಉಸ್ತಾದರನ್ನು ಕೇಳಿ.

ಪ್ರಾಯ ಆಯಿತು. ಮಾಂಸ ತುಂಬಿದೆಯಾ? ಇದನ್ನು ಕಣ್ಣಿಗೆ ಬಿಡಬೇಡಿ. ರೋಮ ಮಿನುಗುತ್ತಿದ್ದರೆ, ಹೊಟ್ಟೆ ಉಬ್ಬಿದ್ದರೆ ಎಲ್ಲರಿಗೂ ಕೊಬ್ಬಿದ ಹಾಗೆ ಕಾಣುತ್ತದೆ. ಹೊಟ್ಟೆಯೊಳಗಿನ ಹುಲ್ಲು ನೀರೇ ತೂಕದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇರುತ್ತದೆ ಮಾರಾಯ್ರೆ. ಪಾಕ್‌ಚಿಕ್ ಮಾಡುವುದನ್ನು ನೋಡಿ. ಅವರು ಹಿಂದಿನಿಂದ ಬಂದು ಬಾಲದ ಬುಡದ ಎರಡೂ ಕಡೆ ಬೆರಳು ಒತ್ತುತ್ತಾರೆ. ಅಲ್ಲಿ ಗುಳಿ ಇದ್ದರೆ ಮಾತೇ ಇಲ್ಲ, ಇನ್ನೂ ಸಾಕಬೇಕು. ಗುಳಿ ತುಂಬಿ ಮೆತ್ತಗೆ ಸಿಕ್ಕಿದರೆ ಮುಂದಕ್ಕೆ ಬಂದು ಬೆನ್ನುಮೂಳೆಯ ಪಕ್ಕದ ಎಲುಬಿನ ತುದಿಗಳನ್ನು ಹುಡುಕುತ್ತಾರೆ. ಅವು ಚೂಪಾಗಿ ಬೆರಳಿಗೆ ತಾಗಬಾರದು. ಆಮೇಲೆ ಕೊನೆಯ ಪಕ್ಕೆಲುಬುಗಳ ಮೇಲೆ ಅಂಗೈ. ಸ್ವಲ್ಪ ಒತ್ತಿದಾಗ ಪಕ್ಕೆಲುಬು ಎಣಿಸಲು ಸಿಗಬೇಕು, ಒತ್ತದೆ ಸಿಗಬಾರದು. ಎಷ್ಟು ಒತ್ತಿದರೂ ಸಿಗದಿದ್ದರೆ ಮೇವಿನ ಹಣ ಕೊಬ್ಬಾಗಿ ಹೋಗಿದೆ ಎಂದು ಅರ್ಥ. ಎದೆಯ ಮುಂಭಾಗ, ಗಂಗೆದೊಗಲು ಶುರುವಾಗುವಲ್ಲಿ, ತುಂಬಿ ನಡೆಯುವಾಗ ಅಲುಗಾಡಿದರೆ ಅದೂ ಒಂದು ಗುರುತು. ಎರಡು ಮೂರು ಪ್ರಾಣಿಗೆ ಹೀಗೆ ಕೈ ಇಟ್ಟರೆ ನಿಮಗೂ ತಿಳಿಯುತ್ತದೆ. ಹಿತ್ತಿಲ ಹಲಸು ಬಡಿದು ನೋಡಿ ಬಲಿತಿದೆಯಾ ಎಂದು ಹೇಳುತ್ತಿದ್ದವರು ನಾವು, ಇದು ಅದಕ್ಕಿಂತ ಕಷ್ಟದ್ದಲ್ಲ.

ಮೂಳೆಯಲ್ಲಿ ಮಜ್ಜೆ ಇಲ್ಲದಷ್ಟು ಬಡಕಲು, ಎದ್ದು ಕಾಣುವ ಕುಂಟು, ಒಕ್ಕಣ್ಣು, ಸ್ಪಷ್ಟ ಕಾಯಿಲೆ, ಕಜ್ಜಿ ಇವು ಯಾವುದೂ ಆಗದು, ಅದು ಗೊತ್ತಿದ್ದದ್ದೇ. 2021ರಲ್ಲಿ ಮಲೇಷ್ಯಾಕ್ಕೂ ಚರ್ಮಗಂಟು ರೋಗ ಬಂತು. ಗಂಟು ಕಂಡರೆ ವೆಟರಿನರಿಯವರಿಗೆ ತೋರಿಸದೆ ಮುಂದೆ ಹೋಗಬೇಡಿ.

ಇನ್ನು ತೂಕ. ಕಂಪೋಂಗಿನಲ್ಲಿ ದೊಡ್ಡ ತಕ್ಕಡಿ ಇಲ್ಲ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಹಿಂಭಾಗದ ಎಲುಬಿನವರೆಗಿನ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುತ್ತಳತೆ 60, ಉದ್ದ 50 ಇದ್ದರೆ ಸುಮಾರು 273 ಕಿಲೋ. ಅಂದಾಜು ಅಷ್ಟೇ, ಆದರೆ ಒಬ್ಬರೇ, ಒಂದೇ ಹೊತ್ತಿನಲ್ಲಿ, ಬೆಳಗ್ಗೆ ಮೇವು ಹಾಕುವ ಮೊದಲು ಅಳೆದರೆ ಏರುತ್ತಿದೆಯಾ ನಿಂತಿದೆಯಾ ಎಂದು ತಿಳಿಯಲು ಧಾರಾಳ.

ಇಲ್ಲಿಯೇ ಒಂದು ಜಗಳದ ಬೀಜ ಇದೆ, ಅದನ್ನು ಇವತ್ತೇ ತೆಗೆದುಬಿಡೋಣ. 273ನ್ನು ಏಳರಿಂದ ಭಾಗಿಸಿ 39 ಕಿಲೋ ಬರಬೇಕಿತ್ತು, ಸಿಕ್ಕಿದ್ದು ಹದಿಮೂರು, ಉಳಿದದ್ದು ಎಲ್ಲಿ ಹೋಯಿತು ಎಂದು ಕೇಳಿದವರಿದ್ದಾರೆ. ಬಾಯಿಬಿಟ್ಟು ಕೇಳಿದ್ದು ಒಳ್ಳೆಯದಾಯಿತು, ಮನಸ್ಸಲ್ಲಿ ಇಟ್ಟುಕೊಂಡವರೂ ಇರಬಹುದು. ತಲೆ, ಚರ್ಮ, ಕಾಲು, ರಕ್ತ, ಹೊಟ್ಟೆ ಹೋದರೆ ಅರ್ಧ ಉಳಿಯುತ್ತದೆ, ಅಂದರೆ 136. ಅದರಲ್ಲಿ ಎಲುಬು ಬಿಡಿಸಿದರೆ 90ರಿಂದ 95. ಏಳು ಪಾಲಿಗೆ ಹದಿಮೂರು ಚಿಲ್ಲರೆ. ಎಲುಬು ಸಮೇತ ಹಂಚಿದರೆ ಹತ್ತೊಂಬತ್ತು. ಬಡವರಿಗೆ ಕೊಡುವುದು ಇದರಿಂದಲೇ. ಕಡಿದವರ ಕೂಲಿ ಮಾತ್ರ ಬೇರೆ ಹಣದಲ್ಲಿ ಕೊಡಬೇಕು, ಮಾಂಸದಲ್ಲಿ ಅಥವಾ ಚರ್ಮದಲ್ಲಿ ಅಲ್ಲ. ಆ ಖರ್ಚನ್ನು ಮೊದಲೇ ಪಾಲಿನ ಹಣಕ್ಕೆ ಸೇರಿಸಿ ತಗೊಳ್ಳಿ, ಪೆರ್ನಾಲ್ ದಿನ ಚಂದಾ ಎತ್ತುವುದು ಬೇಡ.

"ಇನ್ನೊಂದು ವರ್ಷ ಸಾಕಿದರೆ ಇನ್ನೂ ದೊಡ್ಡದಾಗುತ್ತದಲ್ಲ ಕಾಕ" ಎಂದು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಆಗ ಲೆಕ್ಕ ಮಾತಾಡಬೇಕು. ಮೇವಿಗೆ ದಿನಕ್ಕೆ 6 ರಿಂಗಿಟ್, ಜೀವಂತ ತೂಕಕ್ಕೆ ಕಿಲೋಗೆ 18 ರಿಂಗಿಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 450 ಗ್ರಾಂ ಏರುವಾಗ ಹದಿನೈದು ದಿನದ ಮೇವು 90 ರಿಂಗಿಟ್, ಏರಿದ ತೂಕದ ಬೆಲೆ 121. ಲಾಭ. ಪ್ರಾಣಿ ಬಲಿತ ಮೇಲೆ ಏರುವುದು 250 ಗ್ರಾಂಗೆ ಇಳಿಯುತ್ತದೆ, ಅದೂ ಮಾಂಸಕ್ಕಿಂತ ಕೊಬ್ಬೇ ಹೆಚ್ಚು. ಆಗ ಮೇವು ಅದೇ 90, ಬೆಲೆ 67. ಕೆಡಾ-ಕೆಲಂತಾನ್ ಸಣ್ಣ ತಳಿ, ಬೇಗ ಬಲಿಯುತ್ತದೆ, ಬೇಗ ನಿಲ್ಲುತ್ತದೆ. ಅದನ್ನು ಸಾಡೋ ಮಾಡಲು ಹೊರಟರೆ ತಾಳೆಬೀಜದ ಹಿಂಡಿ ಮಾರುವವನಿಗೆ ಮಾತ್ರ ಉಪಕಾರ. ಹಿಂಡಿ ಎಂದಾಗ ನೆನಪಾಯಿತು, ಅದೇ ಹಟ್ಟಿಯಲ್ಲಿ ಕುರಿ ಇದ್ದರೆ ಆ ತಾಳೆ ಹಿಂಡಿಯನ್ನು ಅದಕ್ಕೂ ರಾಶಿ ಹಾಕಬೇಡಿ. ಅದರಲ್ಲಿನ ತಾಮ್ರ ದನ ತಡೆಯುತ್ತದೆ, ಕುರಿ ತಡೆಯುವುದಿಲ್ಲ, ಸಾಯುತ್ತದೆ.

ಆದ್ದರಿಂದ ನಮ್ಮ ಸಲಹೆ, ಬಕ್ರೀದ್‌ನಿಂದ ಹಿಂದಕ್ಕೆ ಎಣಿಸಿ. ಆ ದಿನಕ್ಕೆ ಎರಡು ವರ್ಷ ದಾಟಿರುವ ಕರುವನ್ನೇ ಆರಿಸಿ, ಕೊನೆಯ ಮೂರು-ನಾಲ್ಕು ತಿಂಗಳು ಹಿಂಡಿ ಜಾಸ್ತಿ ಮಾಡಿ. ಹಬ್ಬ ಪ್ರತಿ ವರ್ಷ ಹನ್ನೊಂದು ದಿನ ಮುಂದೆ ಬರುತ್ತದೆ, ಕಳೆದ ವರ್ಷದ ತಾರೀಕು ಹಿಡಿದು ಕೂರಬೇಡಿ. ಜಂತುಹುಳದ ಇಂಜೆಕ್ಷನ್ ಕೊಟ್ಟರೆ ಬಾಟಲಿಯ ಮೇಲೆ ಬರೆದಷ್ಟು ದಿನ ಕಳೆಯದೆ ಕಡಿಯಬಾರದು. ಐವರ್ಮೆಕ್ಟಿನ್‌ಗೆ ಅದು ತಿಂಗಳಿಗಿಂತಲೂ ಹೆಚ್ಚು. ಪಾಕ್‌ಚಿಕ್‌ನ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನ ಗುರುತು ಹಾಕಿಸಿ. ಹಿಂದಿನ ದಿನ ಮೇವು ನಿಲ್ಲಿಸಿ, ನೀರು ನಿಲ್ಲಿಸಬೇಡಿ, ಲಾರಿಯಲ್ಲಿ ತಂದು ಇಳಿಸಿದ ಕೂಡಲೇ ಕಡಿಯಬೇಡಿ. ಹೆದರಿ ದಣಿದ ಪ್ರಾಣಿಯ ಮಾಂಸ ಕಪ್ಪಾಗುತ್ತದೆ, ಬೇಗ ಕೆಡುತ್ತದೆ. ಕಸಾಯಿಖಾನೆಯ ಹೊರಗೆ ಕಡಿಯಲು ವೆಟರಿನರಿ ಇಲಾಖೆಯ ಪರ್ಮಿಟ್ ಬೇಕು, ಕರು ಹಾಕುವ ಪ್ರಾಯದ ಹಸುವಿಗೆ ನಿರ್ಬಂಧ ಇದೆ. ಮಸೀದಿ ಕಮಿಟಿಯ ಮೂಲಕ ಹೋದರೆ ಸುಲಭ.

ಕೊನೆಗೆ ಊರಿನವರಿಗೆ. ಕರ್ನಾಟಕದಲ್ಲಿ 2021ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ ದನ, ಹೋರಿ, ಎತ್ತು, ಕರು ಯಾವ ಪ್ರಾಯದ್ದನ್ನೂ ಕಡಿಯುವಂತಿಲ್ಲ, ಎಮ್ಮೆ ಕೋಣವೂ ಹದಿಮೂರು ವರ್ಷ ದಾಟಿರಬೇಕು. ಇಲ್ಲಿ ನಾವು ಹೇಳಿದ ದನದ ವಿಷಯ ಇಲ್ಲಿಗೆ ಮಾತ್ರ. ಮನೆಯಲ್ಲಿ ಆಡು ಕೊಡುವವರು ಒಂದು ನೆನಪಿಡಿ, ಶಾಫಿಗಳಿಗೆ ಆಡಿಗೂ ಎರಡು ವರ್ಷವೇ. ಆಡಿಗೆ ಮೊದಲ ಎರಡು ಹಲ್ಲು ಒಂದೂವರೆ ವರ್ಷದೊಳಗೇ ಬರುತ್ತದೆ, ಹಾಗಾಗಿ ಎರಡು ಹಲ್ಲು ತೋರಿಸಿ ಎರಡು ವರ್ಷ ಎಂದರೆ ನಂಬಬೇಡಿ, ನಾಲ್ಕು ಹಲ್ಲು ಬಂದಿದೆಯಾ ಕೇಳಿ. ಹಣ ಕಳಿಸುವ ಮೊದಲು ಬಾಯಿ ಬಿಡಿಸಿದ ವಿಡಿಯೋ ಒಂದನ್ನು ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಿ. ಈ ವರ್ಷದ ಏಳನೇ ಪಾಲು ಒಂದು ಖಾಲಿ ಇದೆ, ಬೇಕಾದವರು ಊಟಕ್ಕೆ ಮೊದಲು ಹೆಸರು ಕೊಡಿ. ಅಸ್ಸಲಾಮು ಅಲೈಕುಂ.