ಕೊನೆಯ ಹೆಸರು ಎಲ್ಲಿ ಹೋಯಿತು?

(ಹವ್ಯಾಸಕ್ಕಾಗಿ ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳ ಕೂಟವೊಂದರಲ್ಲಿ ನಮ್ಮ ವರದಿಗಾರರು ಆಡಿದ ಮಾತಿನ ಬರಹ ರೂಪ)



ಮೊದಲಿಗೆ ಒಂದು ಸಣ್ಣ ಲೆಕ್ಕ. ನೂರು ಅಡಿ ಉದ್ದದ ನೇರ ಬೇಲಿ ಹಾಕಬೇಕು. ಹತ್ತು ಅಡಿಗೊಂದು ಕಂಬ. ಎಷ್ಟು ಕಂಬ ತರಿಸುತ್ತೀರಿ? ಹತ್ತು ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಹಾಗಾದರೆ ಕೊನೆಯಲ್ಲಿ ತಂತಿ ಹಿಡಿದುಕೊಂಡು ಅವರೇ ನಿಲ್ಲಬೇಕಾದೀತು! ಬೇಕಾದದ್ದು ಹನ್ನೊಂದು. ನಡುವಿನ ಅಂತರಗಳು ಹತ್ತು, ಕಂಬಗಳು ಹನ್ನೊಂದು. ಆದರೆ ಅದೇ ನೂರು ಅಡಿಯ ಬೇಲಿಯನ್ನು ಒಂದು ಬಾವಿಯ ಸುತ್ತ ತಂದು ಕೂಡಿಸಿದರೆ ಹತ್ತೇ ಕಂಬ ಸಾಕು. ಅಲ್ಲಿ ಮೊದಲನೆಯ ಕಂಬವೇ ಕೊನೆಯದೂ ಆಗುತ್ತದೆ.

ಪ್ರೋಗ್ರಾಂ ಬರೆಯುವವರು ಇದನ್ನು ‘ಆಫ್ ಬೈ ಒನ್’ ಎನ್ನುತ್ತಾರೆ. ಬೇಲಿಕಂಬದ ತಪ್ಪು ಎಂದೂ ಕರೆಯುವುದುಂಟು. ನಾನು ಒಂದರ ತಪ್ಪು ಎನ್ನುತ್ತೇನೆ. ನಾನು ಎಂಜಿನಿಯರಲ್ಲ. ಓದಿದ್ದು ಪತ್ರಿಕೋದ್ಯಮದ ಡಿಪ್ಲೊಮಾ. ಪ್ರೋಗ್ರಾಂ ಬರೆಯುವುದು ರಜೆಯ ದಿನದ ಚಟ. ಈ ತಪ್ಪನ್ನು ಮಾಡಿ ಕಲಿತವರ ಪೈಕಿ ಎಂಬುದೊಂದೇ ನಾನು ಇಲ್ಲಿ ನಿಂತು ಮಾತಾಡಲು ಇರುವ ಅರ್ಹತೆ.

ಈ ತೊಡಕು ಕಂಪ್ಯೂಟರಿನೊಂದಿಗೆ ಬಂದದ್ದೇನಲ್ಲ. ‘ಹದಿನೈದು ದಿನಕ್ಕೊಮ್ಮೆ ಊರಿಗೆ ಹೋಗುತ್ತೇನೆ’ ಎನ್ನುವವನು ಹೋಗುವುದು ಹದಿನಾಲ್ಕು ದಿನಕ್ಕೊಮ್ಮೆ, ಎರಡು ವಾರಕ್ಕೊಂದು ಸಲ. ಫ್ರೆಂಚರೂ ಹಾಗೆಯೇ ಹದಿನೈದು ದಿನ ಎನ್ನುತ್ತಾರೆ. ಹೊರಟ ದಿನವನ್ನೂ ಸೇರಿಸಿ ಎಣಿಸುವ ಪದ್ಧತಿ ಅದು. ವಯಸ್ಸು ಕೇಳಿದರೆ ನಮ್ಮ ಹಿರಿಯರು ಇನ್ನೂ ಜಾಣರು: ‘ಅರವತ್ತು ತುಂಬಿ ಅರವತ್ತೊಂದು ನಡೆಯುತ್ತಿದೆ’ ಎಂದು ಎರಡೂ ಲೆಕ್ಕ ಒಪ್ಪಿಸಿಬಿಡುತ್ತಾರೆ. ಗೊಂದಲಕ್ಕೆ ಜಾಗವೇ ಇಲ್ಲ.

ಶಾಸನ ಓದುವ ವಿದ್ವಾಂಸರಿಗೆ ಇದು ದಿನನಿತ್ಯದ ತಲೆನೋವು. ಶಕವರ್ಷವನ್ನು ಕೆಲವೆಡೆ ‘ಗತ’, ಅಂದರೆ ಕಳೆದುಹೋದ ವರ್ಷಗಳ ಲೆಕ್ಕದಲ್ಲಿ, ಕೆಲವೆಡೆ ‘ವರ್ತಮಾನ’, ಅಂದರೆ ನಡೆಯುತ್ತಿರುವ ವರ್ಷದ ಲೆಕ್ಕದಲ್ಲಿ ಹೇಳಿರುತ್ತಾರೆ. ಐಹೊಳೆಯ ಮೇಗುತಿ ಬಸದಿಯಲ್ಲಿರುವ, ಇಮ್ಮಡಿ ಪುಲಕೇಶಿಯ ಕಾಲದ ರವಿಕೀರ್ತಿಯ ಶಾಸನದಲ್ಲಿ ಶಕರ 556 ವರ್ಷ ಕಳೆದಿತ್ತು ಎಂದಿದೆ. 78 ಕೂಡಿಸಿದರೆ ಕ್ರಿ.ಶ. 634. ‘ಕಳೆದಿತ್ತು’ ಎಂಬುದನ್ನು ಗಮನಿಸದೆ 556 ನಡೆಯುತ್ತಿತ್ತು ಎಂದು ಓದಿಕೊಂಡರೆ ಸಿಗುವುದು 633. ಒಂದು ಕ್ರಿಯಾಪದಕ್ಕೆ ಒಂದು ವರ್ಷ!

ಇನ್ನು ನನ್ನ ಕಥೆಗೆ ಬರುತ್ತೇನೆ. ಡಿಪ್ಲೊಮಾ ಓದುವಾಗ ನಾವು ಕೆಲವು ಗೆಳೆಯರು ಊರಿನಲ್ಲಿ ರಕ್ತದಾನಿಗಳ ಪಟ್ಟಿಯೊಂದನ್ನು ಮಾಡಿದ್ದೆವು. ಒಟ್ಟು 42 ಹೆಸರು, ಅಕಾರಾದಿಯಾಗಿ. ಯಾರಿಗಾದರೂ ರಕ್ತ ಬೇಕಾದರೆ ಗುಂಪು ಒತ್ತಿದೊಡನೆ ದಾನಿಗಳ ಫೋನ್ ನಂಬರು ತೋರಿಸುವ ಸಣ್ಣ ಪ್ರೋಗ್ರಾಮನ್ನು ನಾನು ಪೈಥಾನ್ ಭಾಷೆಯಲ್ಲಿ ಬರೆದೆ. ಎಂಟು ತಿಂಗಳು ಅದು ಚೆನ್ನಾಗಿಯೇ ನಡೆಯಿತು. ನಡೆಯಿತು ಎಂದು ನಾವು ತಿಳಿದಿದ್ದೆವು.

ಒಂದು ರಾತ್ರಿ ಓ ನೆಗೆಟಿವ್ ರಕ್ತ ಬೇಕೆಂದು ಫೋನ್ ಬಂತು. ಆ ಗುಂಪಿನವರು ವಿರಳ. ಪ್ರೋಗ್ರಾಂ ‘ಯಾರೂ ಇಲ್ಲ’ ಎಂದಿತು. ಅಲ್ಲಿ ಇಲ್ಲಿ ಅಲೆದು, ಪಕ್ಕದ ಊರಿನಿಂದ ಒಬ್ಬರನ್ನು ಕರೆತರುವಷ್ಟರಲ್ಲಿ ಬೆಳಗಾಯಿತು. ಪುಣ್ಯಕ್ಕೆ ರೋಗಿ ಉಳಿದರು. ಎರಡು ದಿನದ ಮೇಲೆ ಸಂತೆಯಲ್ಲಿ ನಮ್ಮ ದಾನಿಗಳಲ್ಲೊಬ್ಬರಾದ ಟೀಚರಕ್ಕ ಸಿಕ್ಕರು. ‘ನನ್ನದೂ ಓ ನೆಗೆಟಿವ್. ಹೆಸರು ಬರೆಸಿಕೊಂಡು ಹೋದವರು ಒಂದು ಸಲವೂ ಕರೆಯಲಿಲ್ಲ. ನನ್ನ ರಕ್ತ ಬೇಡವೇನಪ್ಪಾ?’ ಎಂದು ನಗುತ್ತಲೇ ಕೇಳಿದರು. ನನಗೆ ನಗು ಬರಲಿಲ್ಲ. ಅವರ ಹೆಸರು ಶುರುವಾಗುವುದು ಹಕಾರದಿಂದ. ಪಟ್ಟಿಯಲ್ಲಿ ಅವರೇ ಕೊನೆಯವರು.

ಆಗಿದ್ದು ಇಷ್ಟು. ಪಟ್ಟಿಯ ಒಂದನೆಯ ಸಾಲು ತಲೆಬರಹ. ಹೆಸರುಗಳು 2ನೆಯ ಸಾಲಿನಿಂದ 43ನೆಯ ಸಾಲಿನವರೆಗೆ. ‘2ರಿಂದ ಪಟ್ಟಿಯ ಕೊನೆಯ ಸಾಲಿನ ನಂಬರಿನವರೆಗೆ’ ಎಂದು ನಾನು ಬರೆದಿದ್ದೆ. ಪೈಥಾನಿನಲ್ಲಿ ಹಾಗೆ ಬರೆದರೆ 43 ಬಂದೊಡನೆ ನಿಂತುಬಿಡುತ್ತದೆ, 43ನ್ನು ಓದುವುದಿಲ್ಲ. ಕಂಪ್ಯೂಟರು ನಾನು ಹೇಳಿದ್ದನ್ನೇ ಮಾಡಿತ್ತು.

ಇದೆಂಥ ವಿಚಿತ್ರ ಎಂದು ಆಗ ಬೈದುಕೊಂಡೆ. ಆಮೇಲೆ ಡಚ್ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಬರೆದ ಒಂದು ಪುಟ್ಟ ಟಿಪ್ಪಣಿ ಓದಿದೆ. ಮೊದಲನೆಯದನ್ನು ಸೇರಿಸಿ ಕೊನೆಯದನ್ನು ಬಿಡುವ ಪದ್ಧತಿಯೇ ಮೇಲು ಎಂಬುದು ಅವರ ವಾದ. 2ರಿಂದ 13ರವರೆಗೆ, 13 ಬಿಟ್ಟು ಎಂದರೆ ಎಷ್ಟು ಸಂಖ್ಯೆ? 13ರಲ್ಲಿ 2 ಕಳೆದರೆ 11, ಲೆಕ್ಕ ಮುಗಿಯಿತು. ಒಂದು ಕೂಡಿಸುವ, ಕಳೆಯುವ ಗೋಜಿಲ್ಲ. ವಾದ ಸರಿಯೇ. ಆದರೆ ‘ಸೋಮವಾರದಿಂದ ಶುಕ್ರವಾರದವರೆಗೆ ರಜೆ’ ಎಂದರೆ ಶುಕ್ರವಾರ ಆಫೀಸಿಗೆ ಹೋಗುವವರು ನಮ್ಮಲ್ಲಿ ಯಾರೂ ಇಲ್ಲವಲ್ಲ!

ಈಗ ನಾನು ಮಾಡಿದ ನಿಜವಾದ ತಪ್ಪು. ಆ ರಾತ್ರಿಯೇ ದುರಸ್ತಿ ಮಾಡಿದೆ. ಹೇಗೆ ಗೊತ್ತೇ? ಪ್ರೋಗ್ರಾಮನ್ನು ಮುಟ್ಟಲಿಲ್ಲ. ಪಟ್ಟಿಯ ಕೊನೆಗೆ ‘ಹಹಹ’ ಎಂಬ ಹೆಸರಿನ ಒಬ್ಬ ಸುಳ್ಳು ದಾನಿಯನ್ನು ಸೇರಿಸಿದೆ. ಈಗ ಕೊನೆಯವನು ಅವನು. ಬಿಟ್ಟುಹೋದರೆ ಅವನೇ ಹೋಗಲಿ. ಟೀಚರಕ್ಕನ ಹೆಸರು ಪರದೆಯ ಮೇಲೆ ಬಂತು, ನಾನು ನೆಮ್ಮದಿಯಾಗಿ ಮಲಗಿದೆ. ಮೂರು ತಿಂಗಳ ಮೇಲೆ ಗೆಳೆಯನೊಬ್ಬ ‘ಇದ್ಯಾರೋ ಹಹಹ, ಯಾರೋ ತಮಾಷೆ ಮಾಡಿದ್ದಾರೆ’ ಎಂದು ಆ ಸಾಲನ್ನು ಅಳಿಸಿದ. ಟೀಚರಕ್ಕ ಮತ್ತೆ ಮಾಯ.

ಇಂಥ ದುರಸ್ತಿಗೆ ದೊಡ್ಡವರ ಉದಾಹರಣೆಯೂ ಇದೆ. ಜೂಲಿಯಸ್ ಸೀಸರ್ ಕ್ರಿ.ಪೂ. 45ರಿಂದ ಹೊಸ ಪಂಚಾಂಗ ಜಾರಿಗೆ ತಂದ. ನಾಲ್ಕು ವರ್ಷಕ್ಕೊಮ್ಮೆ ಒಂದು ದಿನ ಹೆಚ್ಚು ಸೇರಿಸಬೇಕು ಎಂಬುದು ನಿಯಮ. ಮರುವರ್ಷವೇ ಅವನ ಕೊಲೆಯಾಯಿತು. ಪ್ರೋಗ್ರಾಂ ಬರೆದವನು ಇಲ್ಲ, ನೋಡಿಕೊಳ್ಳುವವರು ಬೇರೆ! ರೋಮನರು ಶುರುವಿನ ವರ್ಷವನ್ನೂ ಸೇರಿಸಿ ಎಣಿಸುವವರಾದ್ದರಿಂದ ಪುರೋಹಿತರು ಮೂರು ವರ್ಷಕ್ಕೊಮ್ಮೆ ಅಧಿಕ ದಿನ ಹಾಕಿದರು. 36 ವರ್ಷಗಳಲ್ಲಿ 9 ಸೇರಬೇಕಾದಲ್ಲಿ 12 ದಿನ ಸೇರಿದವೆಂದು ಮ್ಯಾಕ್ರೋಬಿಯಸ್ ಎಂಬ ರೋಮನ್ ಲೇಖಕ ಬರೆದಿದ್ದಾನೆ. ಕೊನೆಗೆ ಅಗಸ್ಟಸ್ ಚಕ್ರವರ್ತಿ ಎರಡು ಕೆಲಸ ಮಾಡಿದ. ಹೆಚ್ಚಾದ ಮೂರು ದಿನ ಇಳಿಯುವ ತನಕ ಅಧಿಕ ದಿನವನ್ನೇ ನಿಲ್ಲಿಸಿದ. ಮುಂದಕ್ಕೆ ನಾಲ್ಕೆಂದರೆ ನಾಲ್ಕೇ ಎಂದು ನಿಯಮವನ್ನೂ ಸರಿಪಡಿಸಿದ. ಮೊದಲನೆಯದನ್ನಷ್ಟೇ ಮಾಡಿ ಬಿಟ್ಟಿದ್ದರೆ ಅದೂ ಒಂದು ‘ಹಹಹ’ ಆಗುತ್ತಿತ್ತು.

ನಿಜವಾದ ದುರಸ್ತಿ ಎಷ್ಟು ಪುಟ್ಟದಿರಬಹುದು ಎಂಬುದಕ್ಕೆ ಓಪನ್‌ಎಸ್‌ಎಸ್‌ಎಚ್ ಉದಾಹರಣೆ. ದೂರದ ಕಂಪ್ಯೂಟರಿನೊಳಗೆ ಭದ್ರವಾಗಿ ಪ್ರವೇಶಿಸಲು ಜಗತ್ತೆಲ್ಲ ಬಳಸುವ ಉಚಿತ ತಂತ್ರಾಂಶ ಅದು. ಅದರಲ್ಲಿ ಮಾರ್ಗಗಳಿಗೆ ಸೊನ್ನೆಯಿಂದ ನಂಬರು. ಹತ್ತು ಮಾರ್ಗಗಳಿದ್ದರೆ ನಂಬರು 0ಯಿಂದ 9. ಆದರೆ ತಪಾಸಣೆಯ ಸಾಲು ‘ಹತ್ತಕ್ಕಿಂತ ಹೆಚ್ಚಿದ್ದರೆ ಬೇಡ’ ಎನ್ನುತ್ತಿತ್ತು. ಹತ್ತು ಎಂದೇ ಕೇಳಿದವನು ಒಳಗೆ ಬಂದುಬಿಡುತ್ತಿದ್ದ! ಭದ್ರತೆಗೆಂದೇ ಬರೆದ ತಂತ್ರಾಂಶದಲ್ಲಿ ಕಳ್ಳಗಿಂಡಿ. 2002ರ ಮಾರ್ಚ್‌ನಲ್ಲಿ ಇದು ಬಯಲಾಯಿತು. ‘ಹೆಚ್ಚು’ ಎಂಬ ಚಿಹ್ನೆಯ ಪಕ್ಕ ‘ಸಮ’ ಎಂಬ ಚಿಹ್ನೆ ಸೇರಿಸಿ ಸರಿಪಡಿಸಿದರು. ಸೇರಿದ್ದು ಒಂದೇ ಒಂದು ಅಕ್ಷರ.

ನಾನೂ ಎರಡನೆಯ ಸಲ ಪಟ್ಟಿ ಬಿಟ್ಟು ಪ್ರೋಗ್ರಾಮನ್ನೇ ತೆರೆದೆ. ಅರೆ ಗಳಿಗೆಯ ಕೆಲಸ.  ಕೊನೆಯ ಸಾಲಿನ ನಂಬರಿಗೆ ಪ್ರೋಗ್ರಾಮೇ ಒಂದು ಕೂಡಿಸುವಂತೆ ಮಾಡಿದೆ. ಆಮೇಲೆ ಮೊದಲೇ ಮಾಡಬೇಕಿದ್ದ ಒಂದು ಪರೀಕ್ಷೆ ಮಾಡಿದೆ: ಪಟ್ಟಿಯಲ್ಲಿ ಒಬ್ಬರೇ ಇದ್ದರೆ ಏನಾಗುತ್ತದೆ? ಹಳೆಯ ಪ್ರೋಗ್ರಾಮಿಗೆ ಆ ಒಂದು ಹೆಸರಿನ ಪಟ್ಟಿ ಕೊಟ್ಟೆ. ಖಾಲಿ ಪರದೆ ಬಂತು. ನಲವತ್ತೆರಡರ ಗುಂಪಿನಲ್ಲಿ ಎಂಟು ತಿಂಗಳು ಅಡಗಿ ಕುಳಿತಿದ್ದ ತಪ್ಪು ಒಂದೇ ಹೆಸರಿನ ಪಟ್ಟಿಯಲ್ಲಿ ತಕ್ಷಣ ಸಿಕ್ಕಿಬಿತ್ತು. ನೀವು ಏನೇ ಬರೆಯಿರಿ, ಸೊನ್ನೆ, ಒಂದು, ಎರಡು, ಇವಿಷ್ಟನ್ನು ಮೊದಲು ಕೊಟ್ಟು ನೋಡಿ. ನೂರು ಹೆಸರು ಕೊಟ್ಟು ಪರೀಕ್ಷಿಸಿದರೆ ತೊಂಬತ್ತೊಂಬತ್ತು ಬಂದದ್ದು ಕಣ್ಣಿಗೆ ಬೀಳುವುದಿಲ್ಲ.

ಹೊಸ ಪ್ರೋಗ್ರಾಂ ಸಿದ್ಧವಾದ ದಿನ ಟೀಚರಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ, ಎಲ್ಲವನ್ನೂ ವಿವರಿಸಿದೆ. ಸಮಾಧಾನವಾಗಿ ಕೇಳಿಸಿಕೊಂಡರು.

‘ಈಗ ಎಷ್ಟು ಹೆಸರು ತೋರಿಸುತ್ತದಪ್ಪಾ?’

‘ನಲವತ್ತೆರಡು ಅಕ್ಕಾ.’

‘ನನ್ನನ್ನು ಸೇರಿಸಿಯೋ, ಬಿಟ್ಟೋ?’

ಫೋನ್ ಹಿಡಿದುಕೊಂಡೇ ಪಟ್ಟಿ ತೆರೆದು ಇನ್ನೊಮ್ಮೆ ಎಣಿಸಿದೆ.